ಮೆರಿಯೊನೆತ್ತಿನ ಟಾಮ್ ಎಲ್ಲಿಸ್

ಗ್ರೇಟ್ ಬ್ರಿಟನ್ನಿನ ಪಶ್ಚಿಮ ಅಂಚಿನಲ್ಲಿರುವ ಬೆಟ್ಟಗಳ ನಾಡು ವೇಲ್ಸ್. ಇಂಗ್ಲೆಂಡಿನ ಆಳ್ವಿಕೆಗೆ ಒಳಪಟ್ಟು ಶತಮಾನಗಳು ಉರುಳಿದ್ದರೂ ಅಲ್ಲಿಯ ಜನ ತಮ್ಮ ಭಾಷೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಆ ನಾಡಿನ ಉತ್ತರ ಭಾಗದಲ್ಲಿ ಮೆರಿಯೊನೆತ್ ಎಂಬ ಜಿಲ್ಲೆಯಿತ್ತು. ಕಲ್ಲುನೆಲ, ಎಡೆಬಿಡದ ಮಳೆ, ಇಳಿಜಾರುಗಳಲ್ಲಿ ಮೇಯುವ ಕುರಿಮಂದೆ, ಅಲ್ಲಲ್ಲಿ ಸ್ಲೇಟುಕಲ್ಲಿನ ಗಣಿ, ಇವೇ ಅದರ ಸಂಪತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಭೂಮಿಯ ಬಹುಭಾಗ ಕೆಲವೇ ಜಮೀನುದಾರರ ಸ್ವತ್ತಾಗಿತ್ತು. ಉಳುವವರು ಗೇಣಿ ತೆತ್ತು ವರ್ಷದಿಂದ ವರ್ಷಕ್ಕೆ ಬದುಕನ್ನು ಸಾಗಿಸುವ ಒಕ್ಕಲುಗಳು. ಒಡೆಯನ ಭಾಷೆ ಇಂಗ್ಲಿಷ್. ಒಕ್ಕಲಿನ ಭಾಷೆ ವೆಲ್ಷ್. ಒಡೆಯನು ಪ್ರಾರ್ಥಿಸುತ್ತಿದ್ದುದು ಸರ್ಕಾರದ ಮನ್ನಣೆ ಪಡೆದ ಆಂಗ್ಲ ಚರ್ಚಿನಲ್ಲಿ; ಒಕ್ಕಲು ಪ್ರಾರ್ಥಿಸುತ್ತಿದ್ದುದು ತಾನೇ ಕಾಸುಕೂಡಿಸಿ ಕಟ್ಟಿಕೊಂಡ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ.

1859ರಲ್ಲಿ ಪಾರ್ಲಿಮೆಂಟಿಗೆ ಚುನಾವಣೆ ನಡೆಯಿತು. ಗುಪ್ತ ಮತದಾನದ ಪದ್ಧತಿ ಆಗ ಇರಲಿಲ್ಲ. ಮತದಾರನು ಎಲ್ಲರ ಎದುರಿಗೆ ನಿಂತು ತನ್ನ ಆಯ್ಕೆಯನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಬಾಲಾ ಪಟ್ಟಣದ ಸುತ್ತಿನ ಕೆಲವು ಒಕ್ಕಲುಗಳು ಒಡೆಯನ ಅಭ್ಯರ್ಥಿಗೆ ಮತ ನೀಡಲು ಒಪ್ಪಲಿಲ್ಲ. ಅದಕ್ಕಾಗಿ ಅವರನ್ನು ಅವರ ಹೊಲಮನೆಗಳಿಂದ ಹೊರಹಾಕಲಾಯಿತು. ಅದೇ ವರ್ಷದ ಫೆಬ್ರವರಿ 16ರಂದು, ಬಾಲಾದಿಂದ ಅನತಿದೂರದ ಕಿನ್ಲಾಸ್ ಎಂಬ ಒಕ್ಕಲುಮನೆಯಲ್ಲಿ ಥಾಮಸ್ ಎಡ್ವರ್ಡ್ ಎಲ್ಲಿಸ್ ಹುಟ್ಟಿದನು. ಹೊರದೂಡಲ್ಪಟ್ಟವರ ಕಥೆಗಳನ್ನು ಕೇಳುತ್ತಲೇ ಆ ಪ್ರದೇಶದ ಮಕ್ಕಳು ಬೆಳೆದರು. ಮುಂದೆ ನಾಡಿಗೆ ನಾಡೇ ಅವನನ್ನು ಟಾಮ್ ಎಲ್ಲಿಸ್ ಎಂಬ ಸಲಿಗೆಯ ಹೆಸರಿನಿಂದಲೇ ಕರೆಯಿತು.

ಆಗಿನ ವೇಲ್ಸಿನ ಅನೇಕ ಶಾಲೆಗಳಲ್ಲಿ ವೆಲ್ಷ್ ಮಾತನಾಡುವುದೇ ಅಪರಾಧವೆನಿಸಿತ್ತು. ತಾಯಿನುಡಿಯನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಬಾಲಾ ಸರೋವರದ ಇನ್ನೊಂದು ತುದಿಯ ಹಳ್ಳಿಯಲ್ಲಿ ಬೆಳೆದ, ಎಲ್ಲಿಸನ ಗೆಳೆಯ ಓವೆನ್ ಎಡ್ವರ್ಡ್ಸ್ ಈ ಅವಮಾನವನ್ನು ಅನುಭವಿಸಿದವನು. ಜೀವಮಾನವಿಡೀ ಅದನ್ನು ಮರೆಯದವನು. ಇಂತಹ ನಾಡಿನಲ್ಲಿ 1872ರಲ್ಲಿ ಒಂದು ಅದ್ಭುತವೇ ನಡೆಯಿತು. ಆಬರಿಸ್ಟ್ವಿತ್ ಎಂಬ ಕಡಲತೀರದ ಊರಿನಲ್ಲಿ, ಕಟ್ಟಡ ಪೂರ್ಣಗೊಳ್ಳದೆ ದಿವಾಳಿಯಾಗಿದ್ದ ಹೋಟೆಲೊಂದನ್ನು ಕೊಂಡು ಕಾಲೇಜನ್ನು ತೆರೆದರು. ಗಣಿಯ ಕೂಲಿಗಳೂ ರೈತರೂ ಪೆನ್ನಿ ಪೆನ್ನಿಯಾಗಿ ಕೊಟ್ಟ ಹಣ ಅದರ ಉಸಿರನ್ನು ಹಿಡಿದು ನಿಲ್ಲಿಸಿತು. ಬಾಲಾದಲ್ಲಿ ಓದು ಮುಗಿಸಿದ ಎಲ್ಲಿಸ್ 1875ರಲ್ಲಿ ಆ ಕಾಲೇಜನ್ನು ಸೇರಿ, ಅಲ್ಲಿಂದ 1880ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಇತಿಹಾಸವನ್ನು ಅಭ್ಯಾಸ ಮಾಡಿದನು. ಬಡವರ ಪೆನ್ನಿಯ ಋಣ ತನ್ನ ಮೇಲಿದೆಯೆಂಬ ಭಾವನೆ ಅವನಲ್ಲಿ ಕೊನೆಯವರೆಗೂ ಉಳಿಯಿತು.

ಈ ನಡುವೆ ಕಾಲ ಬದಲಾಗಿತ್ತು. 1872ರಲ್ಲಿ ಗುಪ್ತ ಮತದಾನ ಬಂದಿತು. 1884ರ ಶಾಸನದಿಂದ ಹಳ್ಳಿಯ ದುಡಿಮೆಗಾರರಿಗೂ ಮತದ ಹಕ್ಕು ದೊರೆಯಿತು. 1886ರ ಚುನಾವಣೆಯಲ್ಲಿ ಮೆರಿಯೊನೆತ್ತಿನ ಜನ ಜಮೀನುದಾರನನ್ನಾಗಲಿ ಕಾರ್ಖಾನೆಯ ಒಡೆಯನನ್ನಾಗಲಿ ಆರಿಸಲಿಲ್ಲ. ಇಪ್ಪತ್ತೇಳು ವರ್ಷದ ಒಕ್ಕಲುಮಗನನ್ನು ಲಿಬರಲ್ ಪಕ್ಷದ ಪರವಾಗಿ ಪಾರ್ಲಿಮೆಂಟಿಗೆ ಕಳುಹಿಸಿದರು. ಅಂದು ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳವಿರಲಿಲ್ಲ. ಅದು ಬಂದುದು 1911ರಲ್ಲಿ. ಸಿರಿವಂತರಿಗೆ ಮಾತ್ರ ಒಗ್ಗುವ ಆ ಸಭೆಯಲ್ಲಿ ಗೇಣಿದಾರನ ಮಗನೊಬ್ಬ ಕುಳಿತುಕೊಳ್ಳುವುದೇ ಒಂದು ಸಾಹಸವೆನ್ನಬೇಕು.

ಅವನು ಅಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಆ ವರ್ಷಗಳಲ್ಲಿ ಉತ್ತರ ವೇಲ್ಸ್ ಕುದಿಯುತ್ತಿತ್ತು. ಧಾನ್ಯದ ಮತ್ತು ದನಕರುಗಳ ಬೆಲೆ ಕುಸಿದಿತ್ತು. ಆದರೂ ತಾವು ಕಾಲಿಡದ ಚರ್ಚಿಗೆ ಒಕ್ಕಲುಗಳು ದಶಾಂಶದ ಕಾಣಿಕೆಯನ್ನು ಕಡ್ಡಾಯವಾಗಿ ತೆರಬೇಕಾಗಿತ್ತು. ಅವರು ತೆರಲಾರೆವೆಂದು ಹಟ ಹಿಡಿದರು. ಅಧಿಕಾರಿಗಳು ಅವರ ಹಸು ಹೋರಿಗಳನ್ನು ಹರಾಜಿಗಿಟ್ಟರು. ನೆರೆಯ ಡೆನ್‌ಬಿ ಜಿಲ್ಲೆಯ ಹಳ್ಳಿಗಳಲ್ಲಿ ರೈತರಿಗೂ ಪೊಲೀಸರಿಗೂ ಘರ್ಷಣೆಗಳಾದವು. ಎಲ್ಲಿಸ್ ಈ ಜನರ ಕಷ್ಟವನ್ನು ಲಂಡನ್ನಿನ ಸಭೆಯ ಮುಂದೆ ಮತ್ತೆ ಮತ್ತೆ ಇಟ್ಟನು. ಅವನದು ಗುಡುಗುವ ಕಂಠವಲ್ಲ. ಉಳುವವನ ಅಂಗಳದಿಂದ ಬಂದವನ ಮಾತಿಗೆ ಇರುವ ತೂಕ ಅದಕ್ಕಿತ್ತು. 1889ರಲ್ಲಿ ವೇಲ್ಸಿನ ಪ್ರೌಢ ವಿದ್ಯಾಭ್ಯಾಸದ ಶಾಸನ ಜಾರಿಗೆ ಬರಲು ದುಡಿದವರಲ್ಲಿ ಅವನೂ ಒಬ್ಬ. ಆ ಶಾಸನದಿಂದ ಜಿಲ್ಲೆ ಜಿಲ್ಲೆಗಳಲ್ಲಿ ಶಾಲೆಗಳು ತಲೆಯೆತ್ತಿ, ರೈತರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯಿತು. ಅವನ ಕೆಲಸಗಳಲ್ಲಿ ಬಹುಶಃ ಇದೇ ಹೆಚ್ಚು ಫಲ ಕೊಟ್ಟದ್ದು.

1889ರ ಚಳಿಗಾಲದಲ್ಲಿ ಈಜಿಪ್ಟಿನ ಪ್ರವಾಸದಲ್ಲಿದ್ದಾಗ ಅವನಿಗೆ ವಿಷಮಶೀತ ಜ್ವರ ತಗುಲಿತು. ಬದುಕಿ ಬಂದನು, ಆದರೆ ದೇಹ ಮೊದಲಿನಂತಾಗಲಿಲ್ಲ. 1890ರಲ್ಲಿ ಬಾಲಾದಲ್ಲಿ ಅವನಿಗೆ ಸನ್ಮಾನ ನಡೆಯಿತು. ವೇಲ್ಸಿಗೆ ತನ್ನದೇ ಆದ ಶಾಸನಸಭೆ ಬೇಕೆಂದು ಅವನು ಆ ಸಭೆಯಲ್ಲಿ ನಿಸ್ಸಂಕೋಚವಾಗಿ ಸಾರಿದನು.

1892ರಲ್ಲಿ ಒಕ್ಕಲುಗಳ ಭೂಹಿಡುವಳಿಗೆ ರಕ್ಷಣೆ ಕೋರುವ ಮಸೂದೆಯನ್ನು ಅವನು ಮಂಡಿಸಿದನು. ಅದು ಅಂಗೀಕಾರವಾಗಲಿಲ್ಲ. ಆದರೆ ವೃದ್ಧ ನಾಯಕ ಗ್ಲ್ಯಾಡ್‌ಸ್ಟನ್ ಈ ವಿಷಯದಲ್ಲಿ ವಿಚಾರಣೆ ನಡೆಯಬೇಕೆಂಬುದನ್ನು ಒಪ್ಪಿಕೊಂಡನು. ಅದೇ ವರ್ಷ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾದಾಗ ಎಲ್ಲಿಸನಿಗೆ ಸಚೇತಕನ ಹುದ್ದೆ ಬಂದಿತು. ಪಕ್ಷದ ಸದಸ್ಯರನ್ನು ಕಲೆಹಾಕಿ ಮತದಾನದ ವೇಳೆಗೆ ಸಭೆಗೆ ತರುವುದು ಸಚೇತಕನ ಕೆಲಸ. ಅವನು ಎಲ್ಲರ ತಲೆಯನ್ನೂ ಎಣಿಸಬೇಕು. ತಾನು ಮಾತ್ರ ಚರ್ಚೆಯಲ್ಲಿ ಬಾಯಿ ತೆರೆಯುವಂತಿಲ್ಲ. ಮೆರಿಯೊನೆತ್ತಿನ ಒಕ್ಕಲುಗಳು ತಮ್ಮ ನಾಲಗೆಯಾಗಲೆಂದು ಕಳುಹಿಸಿದವನು ಹೀಗೆ ಮೌನದ ಹುದ್ದೆಯನ್ನು ಏರಿದನು. ಸಂಬಳವಿರುವ ಹುದ್ದೆ, ಆಂಗ್ಲರ ಚಿನ್ನಕ್ಕೆ ಕೈಚಾಚಿದನೆಂದು ಸ್ವದೇಶದಲ್ಲಿ ಕೆಲವರು ಮೂದಲಿಸಿದರು.

ಈ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ಪೂರ್ತಿಯಾಗಿ ಒಪ್ಪುವಂತೆಯೂ ಇಲ್ಲ. ಅಧಿಕಾರದ ಮನೆಯ ಒಳಗಿದ್ದರೆ ಮಾತ್ರ ತನ್ನವರಿಗೆ ಏನಾದರೂ ದಕ್ಕೀತು ಎಂಬುದು ಎಲ್ಲಿಸನ ನಂಬಿಕೆ. 1893ರಲ್ಲಿ ವೇಲ್ಸಿನ ಭೂಮಿಯ ವಿಚಾರಣೆಗೆ ರಾಯಲ್ ಆಯೋಗ ನೇಮಕವಾಯಿತು. ಅದು ಜಿಲ್ಲೆ ಜಿಲ್ಲೆಗಳನ್ನು ಸುತ್ತಿ, ಒಕ್ಕಲುಗಳ ಸಾಕ್ಷ್ಯವನ್ನು ಅವರ ವೆಲ್ಷ್ ನುಡಿಯಲ್ಲಿಯೂ ಕೇಳಿತು. ಒಡೆಯನ ಕಾರಭಾರಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದವರು ತಮ್ಮ ದುಃಖವನ್ನು ಸರ್ಕಾರದ ದಾಖಲೆಗೆ ಬರೆಯಿಸಿದರು. ಅದೇ ವರ್ಷ ವೇಲ್ಸ್ ವಿಶ್ವವಿದ್ಯಾಲಯಕ್ಕೆ ಸನ್ನದು ದೊರೆಯಿತು.

1894ರಲ್ಲಿ ರೋಸ್‌ಬರಿ ಪ್ರಧಾನಿಯಾದಾಗ ಎಲ್ಲಿಸ್ ಮುಖ್ಯ ಸಚೇತಕನಾದನು. ಕಠಿನ ಪರೀಕ್ಷೆ ಬಂದುದು ಆಗ. ಚರ್ಚಿನ ಸರ್ಕಾರಿ ಮನ್ನಣೆಯನ್ನು ರದ್ದುಮಾಡುವ ಮಸೂದೆಗೆ ಸರ್ಕಾರ ಆದ್ಯತೆ ಕೊಡುತ್ತಿಲ್ಲವೆಂದು ಸಿಟ್ಟಿಗೆದ್ದು, ಲಾಯ್ಡ್ ಜಾರ್ಜ್ ಮೊದಲಾದ ನಾಲ್ವರು ವೆಲ್ಷ್ ಸದಸ್ಯರು ಪಕ್ಷದ ಶಿಸ್ತನ್ನು ಧಿಕ್ಕರಿಸಿದರು. ಅವರ ಬೇಡಿಕೆ ಎಲ್ಲಿಸನ ಬೇಡಿಕೆಯೂ ಹೌದು. ಆದರೆ ಅಲ್ಪ ಬಹುಮತದ ಸರ್ಕಾರವನ್ನು ಉಳಿಸುವ ಹೊಣೆ ಅವನದಾಗಿತ್ತು. ಅವನ ಮನಸ್ಸು ಯಾರ ಕಡೆಗಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವನ ಕೈ ಮಾತ್ರ ಸರ್ಕಾರದ ಕಡೆಗೆ ಕೆಲಸ ಮಾಡಿತು. ಕಡೆಗೆ ಆ ಮಸೂದೆ ಸಭೆಯ ಪರಿಶೀಲನೆಯಲ್ಲಿದ್ದಾಗಲೇ, 1895ರ ಜೂನ್ 21ರಂದು, ಸೈನ್ಯದ ಮದ್ದುಗುಂಡಿನ ದಾಸ್ತಾನನ್ನು ಕುರಿತ ಅನಿರೀಕ್ಷಿತ ಮತದಾನದಲ್ಲಿ ಸರ್ಕಾರ 125ಕ್ಕೆ 132 ಮತಗಳಿಂದ ಸೋತು ರಾಜೀನಾಮೆಯಿತ್ತಿತು. ತಲೆ ಎಣಿಸುವವನ ಲೆಕ್ಕವೇ ಅಂದು ತಪ್ಪಿತ್ತು. ಮಸೂದೆ ಸತ್ತಿತು. ಭೂ ಆಯೋಗದ ವರದಿ 1896ರಲ್ಲಿ ಹೊರಬಂದರೂ ಹೊಸ ಸರ್ಕಾರ ಅದನ್ನು ಕಪಾಟಿನಲ್ಲಿಟ್ಟಿತು.

ಉಳಿದ ವರ್ಷಗಳಲ್ಲಿ ವಿರೋಧ ಪಕ್ಷದ ದುಡಿಮೆಯ ಜೊತೆಗೆ ಅವನು ಹದಿನೇಳನೆಯ ಶತಮಾನದ ಮೆರಿಯೊನೆತ್ತಿನ ಲೇಖಕ ಮಾರ್ಗನ್ ಲ್ವಿಡ್‌ನ ಕೃತಿಗಳನ್ನು ಸಂಪಾದಿಸತೊಡಗಿದನು. 1898ರಲ್ಲಿ ಆನಿ ಡೇವೀಸ್ ಎಂಬಾಕೆಯನ್ನು ಮದುವೆಯಾದನು. ಆ ಸುಖ ಒಂದು ವರ್ಷವೂ ಬಾಳಲಿಲ್ಲ. ಆರೋಗ್ಯ ಸುಧಾರಣೆಗೆಂದು ಫ್ರಾನ್ಸಿನ ಕಾನ್ ನಗರಕ್ಕೆ ಹೋದವನು 1899ರ ಏಪ್ರಿಲ್ 5ರಂದು ಅಲ್ಲಿಯೇ ತೀರಿಕೊಂಡನು. ಆಗ ಅವನಿಗೆ ನಲವತ್ತು ವರ್ಷ. ದೇಹವನ್ನು ಹುಟ್ಟೂರಿಗೆ ತಂದು ಮಣ್ಣುಮಾಡಿದರು. ಅವನು ಸಂಪಾದಿಸಿದ ಗ್ರಂಥದ ಮೊದಲ ಸಂಪುಟ ಅದೇ ವರ್ಷ ಪ್ರಕಟವಾಯಿತು. ಅವನ ಸ್ಥಾನಕ್ಕೆ ಮೆರಿಯೊನೆತ್ ಆರಿಸಿದ್ದು ಕೊರಳಿನ ಮರದ ತುಂಡನ್ನು ಮರೆಯದ ಆ ಓವೆನ್ ಎಡ್ವರ್ಡ್ಸನನ್ನು. ಚರ್ಚಿನ ಮಸೂದೆ ಶಾಸನವಾಗಲು 1914ರವರೆಗೂ, ವೇಲ್ಸಿಗೆ ತನ್ನದೊಂದು ಸಭೆ ದೊರೆಯಲು 1999ರವರೆಗೂ ಕಾಯಬೇಕಾಯಿತು.

1903ರಲ್ಲಿ ಬಾಲಾದ ಬೀದಿಯಲ್ಲಿ ಎಲ್ಲಿಸನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಅವನು ಸತ್ತ ಕೆಲವು ತಿಂಗಳ ಮೇಲೆ, 1899ರ ಡಿಸೆಂಬರಿನಲ್ಲಿ ಹುಟ್ಟಿದ ಮಗ ಇಯೋರ್ವರ್ತ್, ತಾನು ಕಾಣದ ತಂದೆಯ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ವೆಲ್ಷ್ ಭಾಷೆಯಲ್ಲಿ ಬರೆದನು.