ಮಕ್ಕಳ ಮುಖ ಹಿಡಿದಿಟ್ಟ ಟಿ.ಎಸ್. ಸತ್ಯನ್

ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಬದುಕಿನ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಅವರ ಮನಸ್ಸಿನಲ್ಲಿ ಯಾರೋ ಕವಿಯೋ ಸ್ವಾತಂತ್ರ್ಯ ಹೋರಾಟಗಾರರೋ ಇದ್ದಿರಬೇಕು. ನಾನು ಆರಿಸಿಕೊಂಡದ್ದು ಒಬ್ಬ ಪತ್ರಿಕಾ ಛಾಯಾಗ್ರಾಹಕರನ್ನು. ಕೆಂಕೆರೆಯ ಶಾಲೆಗೂ ಅವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ನೇರ ಸಂಬಂಧ ಏನೂ ಇಲ್ಲ. ಆದರೆ ನಮ್ಮಂಥ ಸರ್ಕಾರಿ ಶಾಲೆಯ ಮಕ್ಕಳನ್ನು, ನಮ್ಮ ಮನೆಗಳಂಥ ಮನೆಗಳಲ್ಲಿ ಬೆಳೆದ ಮಕ್ಕಳನ್ನು, ಲೋಕವೇ ನಿಂತು ನೋಡುವ ಹಾಗೆ ಮಾಡಿದ ಕನ್ನಡ ನಾಡಿನವರು ಮೈಸೂರಿನ ಟಿ.ಎಸ್. ಸತ್ಯನ್. ನಾನು ತೋಟದ ಕೆಲಸದ ಜೊತೆಗೆ ಬಹಳ ವರ್ಷ ಹುಳಿಯಾರಿನಿಂದ ಪತ್ರಿಕೆಗೆ ಸುದ್ದಿ, ಫೋಟೊ ಕಳಿಸುತ್ತಿದ್ದವನು. ಅವರನ್ನು ಮುಖತಃ ಕಂಡವನಲ್ಲ. ಅವರ ಚಿತ್ರಗಳನ್ನು ನೋಡಿ ನೋಡಿ ಒಂದಿಷ್ಟು ಕಲಿತವನು, ಅಷ್ಟೆ.

ಅವರ ಪೂರ್ತಿ ಹೆಸರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ಅಷ್ಟುದ್ದದ ಹೆಸರು ಫೋಟೊದ ಕೆಳಗೆ ಹಿಡಿಸುವುದಿಲ್ಲ, ಸತ್ಯನ್ ಎಂಬುದು ಹಿಡಿಸಿತು. ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಓದಿದ್ದು ಬನುಮಯ್ಯ ಶಾಲೆಯಲ್ಲಿ, ಆಮೇಲೆ ಮಹಾರಾಜ ಕಾಲೇಜಿನಲ್ಲಿ. 1944ರಲ್ಲಿ ಬಿ.ಎ. ಮುಗಿಯಿತು. ಬಿ.ಎ. ಆದವರಿಗೆ ಆಗ ಸರ್ಕಾರದ ಗುಮಾಸ್ತಿಕೆಯೋ ಮೇಷ್ಟರ ಕೆಲಸವೋ ಕಾದಿರುತ್ತಿತ್ತು. ಕ್ಯಾಮೆರಾ ಹಿಡಿದು ಜೀವನ ಮಾಡುತ್ತೇನೆ ಎಂದು ಹೊರಟವನನ್ನು ಮನೆಯವರು ಏನೆಂದುಕೊಳ್ಳಬೇಕು? ಫೋಟೊ ತೆಗೆಯುವವರು ಎಂದರೆ ಸ್ಟುಡಿಯೊ ಇಟ್ಟುಕೊಂಡವರು. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಹೂದಾನಿ, ಮದುಮಕ್ಕಳನ್ನು ನಿಲ್ಲಿಸಿ ಅಲುಗಾಡಬೇಡಿ ಎನ್ನುವವರು. ಬೀದಿಯಲ್ಲಿ ಓಡಾಡಿ ಚಿತ್ರ ತೆಗೆದು ಅದನ್ನು ಪತ್ರಿಕೆಗೆ ಕೊಟ್ಟು ಸಂಸಾರ ಸಾಕುವ ಕಸುಬು ಒಂದಿದೆ ಎಂದು ಮೈಸೂರು ಸೀಮೆಯಲ್ಲಿ ತಿಳಿದಿದ್ದವರೇ ಕಡಿಮೆ.

1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾಯಿತು. ಪೋತನ್ ಜೋಸೆಫ್ ಸಂಪಾದಕರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಮನೆಯಿಂದ ಪ್ರಜಾವಾಣಿ ಬಂತು, ನಮ್ಮೂರಿನ ಹಿರಿಯರು ಸೂಜಿಗಲ್ಲಿಗೆ ಅಂಟಿದ ಹಾಗೆ ಅಂಟಿಕೊಂಡು ಓದುತ್ತಿದ್ದ ಪತ್ರಿಕೆ. ಡೆಕ್ಕನ್ ಹೆರಾಲ್ಡ್‌ನ ಮೊದಲ ಫೋಟೊಗ್ರಾಫರ್ ಆಗಿ ಸತ್ಯನ್ ಸೇರಿಕೊಂಡರು. ಅಲ್ಲಿಂದ ಮುಂಬಯಿಗೆ, ಇಲಸ್ಟ್ರೇಟೆಡ್ ವೀಕ್ಲಿಗೆ. ದೊಡ್ಡ ಹಾಳೆಗಳ ಆ ವಾರಪತ್ರಿಕೆಯನ್ನು ಹಿರಿಯ ಓದುಗರು ಮರೆತಿರಲಾರರು. ಚಿತ್ರಗಳಿಗೆ ದೇಶದಲ್ಲಿ ಅದಕ್ಕಿಂತ ದೊಡ್ಡ ಜಾಗ ಇನ್ನೊಂದು ಇರಲಿಲ್ಲ.

ಫೋನಿನಲ್ಲಿ ನೂರು ಫೋಟೊ ತೆಗೆದು ತೊಂಬತ್ತು ಅಳಿಸುವ ಈಗಿನ ಮಕ್ಕಳಿಗೆ ಆ ಕಾಲದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರಿಕೆಯವರು ಬಳಸುತ್ತಿದ್ದ 120 ಫಿಲ್ಮಿನ ಚೌಕ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ. ಹದಿಮೂರನೆಯದು ಇಲ್ಲ. ಬೆಳಕು ಎಷ್ಟಿದೆ ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ತೆಗೆದದ್ದು ಸರಿಯಾಗಿದೆಯೋ ಇಲ್ಲವೋ ಕತ್ತಲೆ ಕೋಣೆಗೆ ಹೋಗಿ ಫಿಲ್ಮ್ ತೊಳೆಯುವ ತನಕ ದೇವರಿಗೂ ಗೊತ್ತಿಲ್ಲ. ತೊಳೆದು, ಒಣಗಿಸಿ, ಕೆಂಪು ದೀಪದ ಕೆಳಗೆ ಕಾಗದಕ್ಕೆ ಇಳಿಸಿ, ಆ ಚಿತ್ರದಿಂದ ಸತುವಿನ ತಗಡಿನ ಮೇಲೆ ಬ್ಲಾಕ್ ಮಾಡಿಸಿದ ಮೇಲೆ ಅದು ಅಚ್ಚಿಗೆ ಹೋಗುತ್ತಿತ್ತು. ನನ್ನ ಕಾಲಕ್ಕೆ ಬ್ಲಾಕ್ ಹೋಗಿತ್ತು, ಫಿಲ್ಮ್ ಉಳಿದಿತ್ತು. ರೋಲನ್ನು ಕವರಿನಲ್ಲಿ ಹಾಕಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅದು ತಲುಪಿತೇ ಎಂದು ತಿಳಿಯಲು ಮಾರನೆಯ ದಿನದ ಪತ್ರಿಕೆ ಬರುವ ತನಕ ಹುಳಿಯಾರು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಚಿತ್ರ ಬಂದಿದ್ದರೂ ಕೆಳಗೆ ನನ್ನ ಹೆಸರು ಬಹಳ ಸಲ ಇರುತ್ತಿರಲಿಲ್ಲ. ಆ ಪತ್ರಿಕೆ ಯಾವುದು ಎಂಬುದು ಇಲ್ಲಿ ಬೇಡ.

ಸತ್ಯನ್ ತಮ್ಮ ಹೆಸರನ್ನು ಚಿತ್ರದ ಕೆಳಗೆ ನಿಲ್ಲಿಸಿಕೊಂಡದ್ದು ಸಂಬಳದ ಕೆಲಸವನ್ನು ಬಿಟ್ಟು. ತಿಂಗಳ ಕೊನೆಗೆ ಹಣ ಬರುವ ನೌಕರಿ ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದರು, ಮುಂದೆ ದೆಹಲಿಯಲ್ಲಿ ನೆಲೆಸಿದರು. ಮದುವೆಯಾಗಿ ಮಕ್ಕಳಿದ್ದ ಮನುಷ್ಯ. ನಮ್ಮ ಕಡೆ ಹೆಣ್ಣು ಕೊಡುವಾಗ ಹುಡುಗನಿಗೆ ಸಂಬಳ ಎಷ್ಟು, ಇಲ್ಲದಿದ್ದರೆ ತೆಂಗಿನ ಮರ ಎಷ್ಟು ಎಂದು ಕೇಳುತ್ತಾರೆ. ಸತ್ಯನ್ ಅವರಿಗೆ ಎರಡೂ ಇರಲಿಲ್ಲ. ಲೈಫ್, ಟೈಮ್, ನ್ಯೂಸ್‌ವೀಕ್‌ನಂಥ ಅಮೆರಿಕದ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಒಂದು ಚಿತ್ರ ಅಚ್ಚಾಗಿ ಹಣ ಕೈಸೇರುವ ತನಕ ಮನೆಯಲ್ಲಿ ಅಕ್ಕಿ ಬೇಳೆ ನಡೆಸಿದವರನ್ನು ಯಾರೂ ನೆನೆಯುವುದಿಲ್ಲ. ಇಷ್ಟೆಲ್ಲ ತಿರುಗಾಟದ ಮನುಷ್ಯನ ಬೆನ್ನಿಗೆ ಒಂದು ಗಟ್ಟಿ ಮನೆ ಇತ್ತು. ತಮ್ಮ ಟಿ.ಎಸ್. ನಾಗರಾಜನ್ ಕೂಡ ಅಣ್ಣನ ಹಾದಿಯನ್ನೇ ಹಿಡಿದು ದೊಡ್ಡ ಛಾಯಾಗ್ರಾಹಕರಾದರು. ಹಳೆಯ ಮನೆಗಳ ಒಳಾಂಗಣ, ಕಂಬ, ತೊಟ್ಟಿಗಳನ್ನು ದೇಶವೆಲ್ಲ ಸುತ್ತಿ ಚಿತ್ರಿಸಿದವರು ಅವರು.

ಮನೆ ಇಲ್ಲದವನ ಕಥೆ ಹೇಗಿರುತ್ತದೆ ಎಂಬುದಕ್ಕೆ ಅದೇ ಕಾಲದ ಇನ್ನೊಬ್ಬರ ಬದುಕನ್ನು ಇಲ್ಲಿ ಹೇಳಲೇಬೇಕು. ಕುಲ್ವಂತ್ ರಾಯ್, ಪಂಜಾಬಿನವರು, 1914ರಲ್ಲಿ ಹುಟ್ಟಿದವರು. ಬ್ರಿಟಿಷರ ಕಾಲದ ವಾಯುಪಡೆಗೆ ಸೇರಿ ವಿಮಾನದಿಂದ ಫೋಟೊ ತೆಗೆಯುವ ಕೆಲಸ ಕಲಿತರು. ಬಿಳಿಯರಿಗೊಂದು, ಭಾರತೀಯರಿಗೊಂದು ಎಂಬ ಭೇದವನ್ನು ಸಹಿಸದೆ ತಿರುಗಿಬಿದ್ದು ಆ ಕೆಲಸ ಕಳೆದುಕೊಂಡರು. ಆಮೇಲೆ ದೆಹಲಿಯಲ್ಲಿ ಫೋಟೊ ಸಂಸ್ಥೆ ಇಟ್ಟು, ಗಾಂಧೀಜಿ ಮೂರನೆಯ ದರ್ಜೆಯ ರೈಲಿನಲ್ಲಿ ಹೋದ ಕಡೆಯೆಲ್ಲ ಹೋದರು. ಗಾಂಧಿ ಮತ್ತು ಜಿನ್ನಾ ಕೈಯೆತ್ತಿ ವಾದಿಸುತ್ತ ನಿಂತಿರುವ ಹೆಸರಾಂತ ಚಿತ್ರ ಅವರದು. 1958ರಲ್ಲಿ ಲೋಕಸಂಚಾರ ಹೊರಟು ಮೂರು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ದೇಶ ಸುತ್ತಿ, ತೆಗೆದ ಫಿಲ್ಮನ್ನೆಲ್ಲ ದೆಹಲಿಯ ತಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತ ಹೋದರು. ಹಿಂತಿರುಗಿ ನೋಡಿದರೆ ಪೊಟ್ಟಣಗಳೇ ಇಲ್ಲ. ಬಹಳ ಕಾಲ ಕಸದ ಗುಂಡಿಗಳಲ್ಲಿ ಕೂಡ ಹುಡುಕಿದರಂತೆ. ಮದುವೆಯಾಗಿರಲಿಲ್ಲ. 1984ರಲ್ಲಿ ತೀರಿಕೊಂಡಾಗ ಉಳಿದಿದ್ದ ಪೆಟ್ಟಿಗೆಗಳು ಪರಿಚಯದ ಮನೆಯ ಹುಡುಗ ಆದಿತ್ಯ ಆರ್ಯ ಅವರ ಪಾಲಿಗೆ ಬಂದವು. ಅವರೂ ಛಾಯಾಗ್ರಾಹಕರಾಗಿ, ಎರಡು ದಶಕ ಕಳೆದ ಮೇಲೆ ಆ ಪೆಟ್ಟಿಗೆ ಬಿಚ್ಚಿದಾಗಲೇ ದೇಶಕ್ಕೆ ಕುಲ್ವಂತ್ ರಾಯ್ ಎಂಬ ಹೆಸರು ಸರಿಯಾಗಿ ಗೊತ್ತಾದದ್ದು.

ಈ ಎರಡು ಬದುಕುಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ನಮ್ಮೂರಿನ ಅಟ್ಟಗಳು ನೆನಪಾಗುತ್ತವೆ. ಕೊಬ್ಬರಿಗಾಗಿ ಅಟ್ಟಕ್ಕೆ ಹಾಕಿದ ಕಾಯಿಯನ್ನು ಒಂದು ವರ್ಷದ ಹತ್ತಿರ ಕಾಯ್ದು ಇಳಿಸಿ, ಸುಲಿದು, ಲೆಕ್ಕ ಹಾಕಿ ತಿಪಟೂರಿಗೆ ಹೊರಡಿಸುತ್ತೇವೆ. ಅದೇ ಅಟ್ಟದ ಮೂಲೆಯ ಟ್ರಂಕಿನಲ್ಲಿರುವ ಫೋಟೊಗಳನ್ನು ಮಾತ್ರ ಇಳಿಸಿ ನೋಡುವವರಿಲ್ಲ. ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಮೇಷ್ಟರುಗಳನ್ನು ಕುರ್ಚಿಯಲ್ಲಿ ಕೂರಿಸಿ, ನಮ್ಮನ್ನು ಹಿಂದೆ ಬೆಂಚಿನ ಮೇಲೆ ನಿಲ್ಲಿಸಿ ತೆಗೆದ ಫೋಟೊಗಳು ಎಷ್ಟು ಮನೆಗಳಲ್ಲಿ ಬೂಷ್ಟು ಹಿಡಿದು ಹೋಗಿವೆಯೋ. ಇದ್ದವರು ದಯವಿಟ್ಟು ಇಳಿಸಿ, ಒರೆಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರುಗಳನ್ನು ಬರೆದಿಡಿ. ಹೆಸರು ಹೇಳಬಲ್ಲವರು ಇನ್ನೂ ಊರಿನಲ್ಲಿದ್ದಾರೆ.

ಸತ್ಯನ್ ಅವರ ನಿಜವಾದ ದೊಡ್ಡತನ ಮಂತ್ರಿಗಳ, ಮಹಾರಾಜರ ಚಿತ್ರಗಳಲ್ಲಿಲ್ಲ ಎಂಬುದು ನನ್ನ ಎಣಿಕೆ. ಅಂಥವರನ್ನು ಎಲ್ಲರೂ ತೆಗೆಯುತ್ತಾರೆ, ಅವರೂ ಫೋಟೊಕ್ಕೆ ತಯಾರಾಗಿಯೇ ಬಂದಿರುತ್ತಾರೆ. ಸತ್ಯನ್ ಮಕ್ಕಳ ಕಡೆ ತಿರುಗಿದರು. ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಬಹಳ ವರ್ಷ ಹಳ್ಳಿಹಳ್ಳಿ ತಿರುಗಿ ಮಕ್ಕಳ ಚಿತ್ರ ತೆಗೆದರು. ಈ ಕೆಲಸ ಸುಲಭವಲ್ಲ. ಬಡ ಮಗುವಿನ ಚಿತ್ರ ತೆಗೆಯುವವನಿಗೆ ಎರಡು ಹಳ್ಳ ಕಾದಿರುತ್ತವೆ. ಒಂದು, ಅಯ್ಯೋ ಪಾಪ ಎನಿಸುವ ಹಾಗೆ ತೆಗೆಯುವುದು. ಇನ್ನೊಂದು, ಬಡತನವೇ ಚಂದ ಎನಿಸುವ ಹಾಗೆ ತೆಗೆಯುವುದು. ಸತ್ಯನ್ ಅವರ ಚಿತ್ರಗಳಲ್ಲಿ ಮಗು ಮಗುವಾಗಿಯೇ ಇರುತ್ತದೆ. ಅದಕ್ಕೆ ಅದರದ್ದೇ ಒಂದು ಕೆಲಸ, ಒಂದು ಆಟ, ಒಂದು ಯೋಚನೆ ಇರುತ್ತದೆ, ಕ್ಯಾಮೆರಾದ ಕಡೆ ಅದಕ್ಕೆ ಗಮನವಿಲ್ಲ. ಫೋಟೊ ತೆಗೆಯುವವನು ಬಂದ ಎಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಗಿ ಹಿಡಿಯುವುದು ನಮ್ಮ ಹಳ್ಳಿಯ ಪದ್ಧತಿ. ಆ ಉಸಿರು ಸಡಿಲವಾಗುವ ತನಕ ಕಾಯಬೇಕು. ರೋಲಿನಲ್ಲಿ ಹನ್ನೆರಡೇ ಚಿತ್ರ ಇರುವಾಗ ಹಾಗೆ ಕಾಯುವುದು ಎಂಥ ತಾಳ್ಮೆಯ ಕೆಲಸ ಎಂದು ಮಾಡಿದವರಿಗೇ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆಗೆ ಅವರು ಮಾಡಿದ ಕೆಲಸದಲ್ಲಿ ಸಿಡುಬು ನಿರ್ಮೂಲನೆಯ ಚಿತ್ರಗಳೂ ಸೇರಿವೆ. ಇಂದಿನ ವಿದ್ಯಾರ್ಥಿಗಳು ಈ ರೋಗದ ಹೆಸರನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದಾರೆ. ನಮ್ಮ ಅಜ್ಜಿಯರು ಅದರ ಹೆಸರನ್ನೇ ಹೇಳುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಉಳಿದವರ ಮುಖದಲ್ಲಿ ಕಲೆ ಉಳಿಯುತ್ತಿತ್ತು, ಕೆಲವರ ಕಣ್ಣೇ ಹೋಗುತ್ತಿತ್ತು. 1974ರಲ್ಲೂ ಬಿಹಾರದಲ್ಲಿ ಸಾವಿರಾರು ಜನ ಸಿಡುಬಿಗೆ ಬಲಿಯಾದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಯ ಚಿತ್ರ ಇದ್ದ ಕಾರ್ಡ್ ತೋರಿಸಿ, ಇಂಥವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದರು. ಇದ್ದರೆ ಸುತ್ತಲಿನವರಿಗೆಲ್ಲ ಕವಲು ಸೂಜಿಯಿಂದ ಲಸಿಕೆ. 1975ರ ಮೇ ತಿಂಗಳಲ್ಲಿ ಅಸ್ಸಾಂನಲ್ಲಿ ದೇಶದ ಕೊನೆಯ ರೋಗಿ ಸಿಕ್ಕರು. 1977ರಲ್ಲಿ ಭಾರತ, 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತ ಎಂದು ಘೋಷಣೆಯಾಯಿತು. ನನ್ನ ತಲೆಮಾರಿನವರ ತೋಳಿನ ಮೇಲಿರುವ ದುಂಡನೆಯ ಕಲೆ ಆ ಯುದ್ಧದ ಗುರುತು. ಅದನ್ನು ಯುದ್ಧ ಎಂದೇ ಕರೆಯಬೇಕು. ಗಡಿಯಲ್ಲಿ ನಡೆದ ಯುದ್ಧಗಳ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ಗುಡಿಸಲ ಮುಂದೆ, ಸೂಜಿ ಹಿಡಿದವರಿಗೂ ಅಳುವ ಮಗುವಿಗೂ ನಡುವೆ ನಡೆದ ಈ ಯುದ್ಧವನ್ನೂ ನೋಡಿ ದಾಖಲಿಸುವವರು ಬೇಕಿತ್ತು. ಹಾಗೆ ದಾಖಲಿಸಿದವರಲ್ಲಿ ನಮ್ಮ ಮೈಸೂರಿನವರೊಬ್ಬರಿದ್ದರು.

1979ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಕ್ಕಳ ವರ್ಷ ಎಂದು ಆಚರಿಸಿತು. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಯುನಿಸೆಫ್ ಏರ್ಪಡಿಸಿದ್ದು ಸತ್ಯನ್ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು. ದೇಶದೇಶಗಳ ರಾಯಭಾರಿಗಳು ಓಡಾಡುವ ಆ ಕಟ್ಟಡದ ಗೋಡೆಯ ಮೇಲೆ ಅಂಗಿಯ ಗುಂಡಿ ಕಿತ್ತುಹೋದ ನಮ್ಮ ಹಳ್ಳಿಯ ಹುಡುಗರಂಥವರ ಮುಖಗಳು ಇದ್ದವು ಎಂದುಕೊಂಡರೆ ನನಗೆ ಈಗಲೂ ಒಂಥರಾ ಸಂತೋಷವಾಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1977ರಲ್ಲಿ, ಪದ್ಮಶ್ರೀ ಬಂದಿತ್ತು. ಬೇರೆ ಪ್ರಶಸ್ತಿಗಳೂ ಬಂದವು, ಅವುಗಳ ಪಟ್ಟಿ ಬೇಡ.

ಆರ್.ಕೆ. ನಾರಾಯಣ್ ಅವರ ಜೊತೆಗಿನ ಸ್ನೇಹವನ್ನು ಮಾತ್ರ ಬಿಡಲಾಗದು. ಇಂಗ್ಲಿಷ್ ಪಾಠದಲ್ಲಿ ಮಾಲ್ಗುಡಿಯ ಸ್ವಾಮಿಯನ್ನು ಓದಿದವರಿಗೆ ನಾರಾಯಣ್ ಗೊತ್ತು. ಮೈಸೂರಿನ ಬೀದಿಗಳಲ್ಲಿ ಅವರು ನಡೆದಾಡುವ, ಅಂಗಡಿಯವರ ಜೊತೆ ಮಾತಿಗೆ ನಿಲ್ಲುವ ರೂಪ ಇಂದು ನಮ್ಮ ಕಣ್ಣಿಗೆ ಕಟ್ಟಿದ್ದರೆ ಅದರಲ್ಲಿ ಸತ್ಯನ್ ಅವರ ಕ್ಯಾಮೆರಾದ ಪಾಲು ದೊಡ್ಡದು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದ್ ಬರೆದು, ಇವರು ಚಿತ್ರ ಕೊಟ್ಟು, ಕರ್ನಾಟಕದ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ತಂದರು. ಇಬ್ಬರೂ ಮಹಾರಾಜ ಕಾಲೇಜಿನವರು.

ಕೊನೆಯ ದಶಕಗಳನ್ನು ಸತ್ಯನ್ ಮೈಸೂರಿನಲ್ಲೇ ಕಳೆದರು. ಕೈಯಲ್ಲಿ ಕ್ಯಾಮೆರಾ ಇದ್ದವರು ಲೇಖನಿಯನ್ನೂ ಚೆನ್ನಾಗಿ ಹಿಡಿದರು. 2005ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಬಂತು. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕದ ಹೆಸರು ಕಾಲಕ್ಕೆ ಕನ್ನಡಿ. ಅದನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ತರಿಸಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ, ಹಣ ಬೇಕಿದ್ದರೆ ನಮ್ಮ ಬ್ಯಾಚಿನವರು ಕೊಡುತ್ತೇವೆ. 2009ರ ಡಿಸೆಂಬರ್ 13ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. 86 ತುಂಬಲು ಇನ್ನು ಐದು ದಿನ ಉಳಿದಿತ್ತು.

ಕುಲ್ವಂತ್ ರಾಯ್ ಅವರ ಫಿಲ್ಮಿಗೆ ಆದ ಗತಿ ಸತ್ಯನ್ ಅವರ ಫಿಲ್ಮಿಗೆ ಆಗಲಿಲ್ಲ. ಅವರ ಕುಟುಂಬದವರು ಅವನ್ನು ಕಾಪಾಡಿಕೊಂಡು ಬಂದು, ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಎಂಬ ಸಂಗ್ರಹಾಲಯಕ್ಕೆ ಕೊಟ್ಟರು. ಈ ಸಂಗ್ರಹಾಲಯ ಇರುವುದು ಕಸ್ತೂರಬಾ ರಸ್ತೆಯಲ್ಲಿ. ನಮ್ಮ ಶಾಲೆಯ ಪ್ರವಾಸದ ಬಸ್ಸು ಬೆಂಗಳೂರಿಗೆ ಹೋದಾಗ ಮಕ್ಕಳನ್ನು ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಇಳಿಸುತ್ತದಲ್ಲ, ಅದೇ ರಸ್ತೆ. ಮುಂದಿನ ಸಲ ಮೇಷ್ಟರು ಸತ್ಯನ್ ಅವರ ಚಿತ್ರಗಳು ಆ ದಿನ ನೋಡಲು ಸಿಗುತ್ತವೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು, ಮಕ್ಕಳನ್ನು ಅಲ್ಲಿಗೂ ನಡೆಸಿಕೊಂಡು ಹೋಗಲಿ. ಹೆಚ್ಚು ದೂರವೇನಿಲ್ಲ.