ಜೀವಲೋಕಕ್ಕೆ ವರ್ಗನಕ್ಷೆ ಬರೆದ ಲಿನೇಯಸ್



ನಿಮ್ಮ ಶಾಲೆಯ ಪುಸ್ತಕದ ಕಪಾಟನ್ನು ಒಮ್ಮೆ ನೋಡಿ. ಕಥೆ ಪುಸ್ತಕಗಳು ಒಂದು ಕಡೆ, ವಿಜ್ಞಾನದ ಪುಸ್ತಕಗಳು ಇನ್ನೊಂದು ಕಡೆ ಇರುತ್ತವೆ. ಹೀಗೆ ಜೋಡಿಸದೆ ಎಲ್ಲವನ್ನೂ ರಾಶಿ ಹಾಕಿದರೆ ಬೇಕಾದ ಪುಸ್ತಕ ಕೈಗೆ ಸಿಗುವುದೇ? ಈಗ ಯೋಚಿಸಿ. ಭೂಮಿಯ ಮೇಲಿನ ಗಿಡ, ಮರ, ಹುಳು, ಹಕ್ಕಿ, ಪ್ರಾಣಿಗಳನ್ನೆಲ್ಲ ಹೀಗೆ ಜೋಡಿಸುವುದೆಂದರೆ ಎಷ್ಟು ದೊಡ್ಡ ಕೆಲಸ! ಆ ಕೆಲಸಕ್ಕೆ ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಅವರು ಜೀವಲೋಕಕ್ಕೆ ಒಂದು ನಕ್ಷೆ ಬರೆದರು. ಬರೆದ ನಕ್ಷೆಯನ್ನು ಮತ್ತೆ ಮತ್ತೆ ತಾವೇ ತಿದ್ದಿದರು. ಆ ಕಥೆಯನ್ನು ತಿಳಿಯೋಣ ಬನ್ನಿ.

ಹೂದೋಟದ ಹುಡುಗ

ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು, ದಕ್ಷಿಣ ಸ್ವೀಡನ್ನಿನ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಚರ್ಚಿನ ಪಾದ್ರಿ. ಅವರಿಗೆ ಹೂದೋಟವೆಂದರೆ ಪ್ರಾಣ. ಪುಟ್ಟ ಕಾರ್ಲ್ ಕಂಡ ಕಂಡ ಗಿಡದ ಹೆಸರು ಕೇಳುತ್ತಿದ್ದ. ಮಗನೂ ತಮ್ಮಂತೆ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಆದರೆ ಶಾಲೆಯಲ್ಲಿ ಅವನ ಮನಸ್ಸೆಲ್ಲ ಗಿಡಗಳ ಮೇಲೆ. ಈ ಹುಡುಗ ಪಾದ್ರಿಯ ಓದಿಗೆ ತಕ್ಕವನಲ್ಲ ಎಂದು ಶಿಕ್ಷಕರು ಹೇಳಿಬಿಟ್ಟರು. ತಂದೆಗೆ ಚಿಂತೆಯಾಯಿತು. ಓದು ಬಿಡಿಸಿ ಯಾವುದಾದರೂ ಕಸುಬಿಗೆ ಹಚ್ಚಲು ಯೋಚಿಸಿದರು.

ಆಗ ನೆರವಾದವರು ರೋತ್ಮನ್ ಎಂಬ ವೈದ್ಯರು. ಅವರು ಅದೇ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಹುಡುಗನ ಆಸಕ್ತಿ ಯಾವುದರಲ್ಲಿದೆ ಎಂಬುದನ್ನು ಅವರು ಗುರುತಿಸಿದರು. ತಮ್ಮ ಮನೆಯಲ್ಲೇ ಇರಿಸಿಕೊಂಡು ಸಸ್ಯಶಾಸ್ತ್ರ ಮತ್ತು ವೈದ್ಯಶಾಸ್ತ್ರ ಕಲಿಸಿದರು. ಮುಂದೆ ಕಾರ್ಲ್ 1728ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದ. ಒಬ್ಬ ಶಿಕ್ಷಕರ ಕಣ್ಣು ತಪ್ಪಿದ್ದರೆ ಜಗತ್ತು ಒಬ್ಬ ವಿಜ್ಞಾನಿಯನ್ನೇ ಕಳೆದುಕೊಳ್ಳುತ್ತಿತ್ತು, ಅಲ್ಲವೇ?

ಇಬ್ಬರು ಗೆಳೆಯರು

ಉಪ್ಸಾಲಾದಲ್ಲಿ ಅವರಿಗೆ ಪೀಟರ್ ಆರ್ಟೆಡಿ ಎಂಬ ಗೆಳೆಯ ದೊರೆತರು. ಇಬ್ಬರೂ ಬಡವರು, ಇಬ್ಬರಿಗೂ ಒಂದೇ ಹುಚ್ಚು. ಜೀವಲೋಕವನ್ನು ಜೋಡಿಸುವ ಕೆಲಸವನ್ನು ಅವರು ಹಂಚಿಕೊಂಡರು. ಮೀನುಗಳ ಪಾಲು ಆರ್ಟೆಡಿಯವರದು. ತಮ್ಮಲ್ಲಿ ಯಾರು ಮೊದಲು ತೀರಿಕೊಂಡರೂ ಉಳಿದವರು ಅವರ ಬರಹವನ್ನು ಪ್ರಕಟಿಸಬೇಕೆಂದು ಮಾತುಕೊಟ್ಟುಕೊಂಡರು. 1735ರಲ್ಲಿ ಆರ್ಟೆಡಿ ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಗೆ ಬಿದ್ದು ತೀರಿಕೊಂಡರು. ಲಿನೇಯಸ್ ಕೊಟ್ಟ ಮಾತು ಮರೆಯಲಿಲ್ಲ. 1738ರಲ್ಲಿ ಗೆಳೆಯನ ಮೀನಿನ ಪುಸ್ತಕವನ್ನು ಪ್ರಕಟಿಸಿದರು.

ಕೆಲವೇ ಪುಟಗಳ ನಕ್ಷೆ

ಅದೇ 1735ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಲಿನೇಯಸ್ ಅವರ 'ಸಿಸ್ಟೆಮಾ ನ್ಯಾಚುರೆ' ಗ್ರಂಥ ಅಚ್ಚಾಯಿತು. ಅದು ಹಾಳೆ ತುಂಬ ಮನೆಗಳನ್ನು ಗೀಚಿದ, ಕೆಲವೇ ದೊಡ್ಡ ಪುಟಗಳ ಪುಸ್ತಕ. ಪ್ರಾಣಿಗಳಿಗೆ ಅದರಲ್ಲಿ 6 ವರ್ಗಗಳಿದ್ದವು: ನಾಲ್ಕು ಕಾಲಿನವು, ಹಕ್ಕಿಗಳು, ಉಭಯವಾಸಿಗಳು, ಮೀನುಗಳು, ಕೀಟಗಳು ಮತ್ತು ಹುಳುಗಳು. ಸಾಮ್ರಾಜ್ಯದ ಒಳಗೆ ವರ್ಗ, ವರ್ಗದ ಒಳಗೆ ಗಣ, ಗಣದ ಒಳಗೆ ಜಾತಿ, ಜಾತಿಯ ಒಳಗೆ ಪ್ರಭೇದ. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ!

ಇಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರೂ ಇಂಥದೇ ವರ್ಗನಕ್ಷೆ ಬರೆಯುತ್ತಾರೆ. ಅದಕ್ಕೆಂದೇ ತಂತ್ರಾಂಶಗಳಿವೆ. ಪ್ರತಿ ವರ್ಗಕ್ಕೂ ಒಂದು ಚೌಕ. ಚೌಕದ ಮೇಲ್ಭಾಗದಲ್ಲಿ ವರ್ಗದ ಹೆಸರು, ಕೆಳಗೆ ಅದರ ಗುಣಗಳು. ಚಿಕ್ಕ ವರ್ಗದಿಂದ ದೊಡ್ಡ ವರ್ಗಕ್ಕೆ ಒಂದು ಬಾಣದ ಗೆರೆ. 'ಸಸ್ತನಿ' ಎಂಬ ಚೌಕದಲ್ಲಿ 'ಮರಿಗೆ ಹಾಲೂಡಿಸುತ್ತದೆ' ಎಂದು ಒಮ್ಮೆ ಬರೆದರೆ ಸಾಕು. ಅದರ ಕೆಳಗಿನ ಹಸು, ಬೆಕ್ಕು, ಆನೆಯ ಚೌಕಗಳಲ್ಲಿ ಮತ್ತೆ ಬರೆಯಬೇಕಿಲ್ಲ. ಮೇಲಿನ ಗುಣ ಕೆಳಗಿನವಕ್ಕೆ ತಾನಾಗಿಯೇ ಬರುತ್ತದೆ. ಚೌಕ ತಪ್ಪು ಜಾಗದಲ್ಲಿದ್ದರೆ ಗೆರೆ ಅಳಿಸಿ ಬೇರೆ ಕಡೆ ಜೋಡಿಸಬಹುದು. ಲಿನೇಯಸ್ ಬಳಿ ಕಂಪ್ಯೂಟರ್ ಇರಲಿಲ್ಲ. ಆದರೂ ಚೌಕಗಳನ್ನು ಸರಿಸಬೇಕಾದ ಸಂದರ್ಭ ಅವರಿಗೂ ಬಂತು.

ತಿಮಿಂಗಿಲ ಮನೆ ಬದಲಿಸಿತು

1735ರ ನಕ್ಷೆಯಲ್ಲಿ ತಿಮಿಂಗಿಲ ಮೀನುಗಳ ಮನೆಯಲ್ಲಿತ್ತು. ಆರ್ಟೆಡಿಯವರ ಪುಸ್ತಕದಲ್ಲೂ ಅದು ಮೀನೇ. ನೀರಿನಲ್ಲಿ ಈಜುತ್ತದೆ, ಆಕಾರವೂ ಮೀನಿನದೇ. ಆದರೆ ತಿಮಿಂಗಿಲಕ್ಕೆ ಕಿವಿರುಗಳಿಲ್ಲ, ಶ್ವಾಸಕೋಶಗಳಿವೆ. ಅದರದು ಬಿಸಿರಕ್ತ. ಅದು ಮರಿ ಹಾಕಿ ಹಾಲೂಡಿಸುತ್ತದೆ. ಹಾಗಾದರೆ ಅದು ಮೀನು ಹೇಗಾದೀತು? 1758ರಲ್ಲಿ ಹತ್ತನೆಯ ಆವೃತ್ತಿ ಬಂದಾಗ ಲಿನೇಯಸ್ ತಿಮಿಂಗಿಲವನ್ನು ಮೀನುಗಳ ವರ್ಗದಿಂದ ತೆಗೆದರು. 'ನಾಲ್ಕು ಕಾಲಿನವು' ಎಂಬ ವರ್ಗದ ಹೆಸರನ್ನೂ ಬದಲಿಸಿ 'ಸಸ್ತನಿಗಳು' ಎಂದಿಟ್ಟರು. ಪ್ರೀತಿಯ ಗೆಳೆಯ ಇಟ್ಟಿದ್ದ ಜಾಗ, ತಾವೇ ಅಚ್ಚು ಹಾಕಿಸಿದ್ದ ಮಾತು. ಆದರೂ ಗುಣಗಳು ಬೇರೆ ಹೇಳಿದಾಗ ಅವರು ಗೆರೆ ಬದಲಿಸಿದರು.

ಆ ಹೊತ್ತಿಗೆ ನಕ್ಷೆ ಬೆಳೆದು 4,000ಕ್ಕೂ ಹೆಚ್ಚು ಪ್ರಾಣಿಗಳು ಸೇರಿದ್ದವು. ಕಟ್ಟಿದ ಪುಸ್ತಕದ ನಡುವೆ ಹೊಸ ಹೆಸರು ಸೇರಿಸಲು ಜಾಗವೆಲ್ಲಿ? 1760ರ ದಶಕದಲ್ಲಿ ಲಿನೇಯಸ್ ಒಂದೇ ಅಳತೆಯ ಬಿಡಿ ಚೀಟಿಗಳಲ್ಲಿ ಬರೆಯತೊಡಗಿದರು. ಚೀಟಿಯನ್ನು ಎಲ್ಲಿ ಬೇಕಾದರೂ ಸೇರಿಸಬಹುದು, ಸರಿಸಬಹುದು. ಎಷ್ಟು ಸರಳ ಉಪಾಯ!

ಎರಡು ಪದದ ಹೆಸರು

1753ರಲ್ಲಿ ಸಸ್ಯಗಳ ಕುರಿತ ಗ್ರಂಥದಲ್ಲಿ ಅವರು ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರು ಕೊಟ್ಟರು. ಆಲದ ಮರ ಫೈಕಸ್ ಬೆಂಗಾಲೆನ್ಸಿಸ್, ಅರಳಿ ಮರ ಫೈಕಸ್ ರಿಲಿಜಿಯೋಸಾ. ಮೊದಲ ಪದ ಜಾತಿಯನ್ನು ಸೂಚಿಸುತ್ತದೆ. ಎರಡೂ ಪದ ಸೇರಿದರೆ ಪ್ರಭೇದದ ಹೆಸರು. ಮೊದಲ ಪದ ಒಂದೇ ಆದ್ದರಿಂದ ಆಲ, ಅರಳಿ ಎರಡೂ ಒಂದೇ ಮನೆಯವು ಎಂದು ಹೆಸರೇ ಹೇಳುತ್ತದೆ.

ಗೆರೆ ತಪ್ಪಿದ್ದೆಲ್ಲಿ?

ಲಿನೇಯಸ್ ಎಲ್ಲವನ್ನೂ ಸರಿಯಾಗಿ ಇಟ್ಟರೆಂದು ತಿಳಿಯಬೇಡಿ. ಸಸ್ಯಗಳನ್ನು ಅವರು ಮುಖ್ಯವಾಗಿ ಹೂವಿನ ಕೇಸರಗಳನ್ನು ನೋಡಿ 24 ವರ್ಗ ಮಾಡಿದರು. ಭತ್ತದ ಹೂವಿನಲ್ಲಿ 6 ಕೇಸರ, ರಾಗಿಯ ಹೂವಿನಲ್ಲಿ 3. ಹಾಗಾಗಿ ಭತ್ತ ಆರನೆಯ ವರ್ಗಕ್ಕೂ ರಾಗಿ ಮೂರನೆಯ ವರ್ಗಕ್ಕೂ ಹೋದವು. ಆದರೆ ಅವೆರಡೂ ಹುಲ್ಲಿನ ಕುಟುಂಬದವು ಎಂದು ನಿಮ್ಮ ಊರಿನ ರೈತರಿಗೂ ತೋರುತ್ತದೆ! ಒಂದೇ ಗುಣ ಹಿಡಿದು ಗೆರೆ ಎಳೆದರೆ ನೆಂಟರೂ ಬೇರೆಯಾಗುತ್ತಾರೆ. ಮುಂದಿನ ವಿಜ್ಞಾನಿಗಳು ಹಲವು ಗುಣಗಳನ್ನು ಒಟ್ಟಿಗೆ ನೋಡಿ ಇದನ್ನು ಸರಿಪಡಿಸಿದರು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮನುಷ್ಯನನ್ನು ವಾನರಗಳ ಜೊತೆಗೆ ಇಡುವ ಧೈರ್ಯ ಲಿನೇಯಸ್ ತೋರಿದರು. ಆದರೆ ಮನುಷ್ಯರನ್ನೇ ಖಂಡ ಮತ್ತು ಮೈಬಣ್ಣ ನೋಡಿ ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದೊಂದು ಸ್ವಭಾವವನ್ನು ಅಂಟಿಸಿದರು. ಮುಂದೆ ಇಂತಹ ವಿಚಾರಗಳನ್ನು ಹಿಡಿದು ಜನರನ್ನು ಮೇಲು-ಕೀಳು ಎಂದು ಕಂಡವರಿದ್ದರು. ಮೈಬಣ್ಣದಿಂದ ಸ್ವಭಾವ ತಿಳಿಯದು. ಮನುಷ್ಯರೆಲ್ಲರೂ ಒಂದೇ ಪ್ರಭೇದ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ನಕ್ಷೆಯ ಗೆರೆ ಪ್ರಕೃತಿ ಎಳೆದದ್ದಲ್ಲ, ನಾವು ಎಳೆದದ್ದು. ಎಳೆಯುವಾಗ ಎಚ್ಚರ ಬೇಕು.

ಇನ್ನೂ ಮುಗಿಯದ ನಕ್ಷೆ

ಲಿನೇಯಸ್ 1778ರ ಜನವರಿ 10ರಂದು ಉಪ್ಸಾಲಾದಲ್ಲಿ ತೀರಿಕೊಂಡರು. ಅವರ ಸಂಗ್ರಹದ ಬಹುಭಾಗ ಇಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿದೆ. ಅವರ ನಕ್ಷೆಯನ್ನು ತಿದ್ದುವ ಕೆಲಸ ಮಾತ್ರ ನಿಂತಿಲ್ಲ. ಈಗ ವಿಜ್ಞಾನಿಗಳು ಡಿ.ಎನ್.ಎ. ಹೋಲಿಸಿ ನೋಡುತ್ತಾರೆ. ಅದರಿಂದ ತಿಳಿದ ಒಂದು ಸಂಗತಿ ಕೇಳಿ: ಹಸುವಿಗೆ ಕುದುರೆಗಿಂತ ತಿಮಿಂಗಿಲವೇ ಹತ್ತಿರದ ನೆಂಟ!

ಮಾಡಿ ನೋಡಿ

ನಿಮ್ಮ ಊರಿನ 12 ಪ್ರಾಣಿಗಳ ಹೆಸರನ್ನು 12 ಚೀಟಿಗಳಲ್ಲಿ ಬರೆಯಿರಿ. ಹೆಸರಿನ ಕೆಳಗೆ ಮೂರು ಗುಣ ಬರೆಯಿರಿ. ಅವುಗಳಲ್ಲಿ ಬಾವಲಿ, ಹಾವು, ಏಡಿ ಇರಲಿ. ನೆಲದ ಮೇಲೆ ಗುಂಪು ಮಾಡಿ, ಸೀಮೆಸುಣ್ಣದಿಂದ ಗೆರೆ ಎಳೆದು ವರ್ಗನಕ್ಷೆ ರಚಿಸಿ. ಪಕ್ಕದ ಗುಂಪಿನವರು ಬಾವಲಿಯನ್ನು ಬೇರೆ ಕಡೆ ಇಟ್ಟಿದ್ದಾರೆಯೇ? ಯಾವ ಗುಣ ನೋಡಿ ಇಟ್ಟಿರೆಂದು ಕೇಳಿ. ಅವರ ಉತ್ತರ ಸರಿಯೆನಿಸಿದರೆ ನಿಮ್ಮ ಚೀಟಿಯನ್ನು ಸರಿಸಲು ನಾಚಬೇಡಿ. ಲಿನೇಯಸ್ ಕೂಡ ಸರಿಸಿದ್ದರು!