ರೇಡಿಯೊ ಯಾರ ಸೊತ್ತು? ಬಿಬಿಸಿ ಕಟ್ಟಿದ ಜಾನ್ ರೀತ್

ಬಿಬಿಸಿ ಹುಟ್ಟಿದ್ದು ಸಾರ್ವಜನಿಕ ಸಂಸ್ಥೆಯಾಗಿ ಅಲ್ಲ, ರೇಡಿಯೊ ಮಾರುವವರ ಕಂಪನಿಯಾಗಿ. 1922ರ ಅಕ್ಟೋಬರ್‌ನಲ್ಲಿ ಮಾರ್ಕೋನಿ, ಮೆಟ್ರೊಪಾಲಿಟನ್ ವಿಕರ್ಸ್ ಮೊದಲಾದ ಆರು ದೊಡ್ಡ ಸಂಸ್ಥೆಗಳು ಒಂದು ಲಕ್ಷ ಪೌಂಡ್ ಬಂಡವಾಳದೊಂದಿಗೆ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿಯನ್ನು ಸ್ಥಾಪಿಸಿದವು. ಕೇಳಲು ಕಾರ್ಯಕ್ರಮಗಳಿಲ್ಲದಿದ್ದರೆ ಸೆಟ್ಟುಗಳನ್ನು ಕೊಳ್ಳುವವರಾರು ಎಂಬುದಷ್ಟೇ ಅದರ ಹಿಂದಿನ ಲೆಕ್ಕಾಚಾರ.

ಆ ಕಂಪನಿಗೆ ಅದೇ ಡಿಸೆಂಬರ್‌ನಲ್ಲಿ ಪ್ರಧಾನ ವ್ಯವಸ್ಥಾಪಕರಾಗಿ ಬಂದ ಜಾನ್ ರೀತ್ ಅವರಿಗೆ ಪ್ರಸಾರವೆಂದರೇನು ಎಂಬುದೇ ತಿಳಿದಿರಲಿಲ್ಲ. ಪತ್ರಿಕೆಯ ಜಾಹೀರಾತು ಕಂಡು ಅರ್ಜಿ ಗುಜರಾಯಿಸಿದ್ದ 33 ವರ್ಷದ ಎಂಜಿನಿಯರ್ ಅವರು. 1889ರಲ್ಲಿ ಸ್ಕಾಟ್ಲೆಂಡಿನ ಸ್ಟೋನ್‌ಹೇವನ್‌ನಲ್ಲಿ ಪಾದ್ರಿಯೊಬ್ಬರ ಏಳು ಮಕ್ಕಳಲ್ಲಿ ಕಿರಿಯರಾಗಿ ಜನಿಸಿದರು. ಗ್ಲಾಸ್ಗೋದ ರೈಲು ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಕಲಿತರು. 1915ರಲ್ಲಿ ರಣರಂಗದಲ್ಲಿ ತಗುಲಿದ ಗುಂಡು ಕೆನ್ನೆಯ ಮೇಲೆ ಅಳಿಯದ ಗುರುತನ್ನು ಉಳಿಸಿತ್ತು. ಆರೂವರೆ ಅಡಿ ಎತ್ತರದ ಆಳು, ಕಟ್ಟಾ ಧಾರ್ಮಿಕ, ಮುಂಗೋಪಿ.

ಕಂಪನಿಯ ವ್ಯವಹಾರ ವಿಚಿತ್ರವಾಗಿತ್ತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ 10 ಶಿಲ್ಲಿಂಗ್ ಪರವಾನಗಿ ಶುಲ್ಕವನ್ನು ಅಂಚೆ ಇಲಾಖೆಗೆ ತೆರಬೇಕು. ಅದರಲ್ಲಿ ಅರ್ಧ ಕಂಪನಿಗೆ. (ನಮ್ಮಲ್ಲಿಯೂ ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸ್ ಹಣ ಕಟ್ಟಿದವರಿಗೆ ಈ ಪದ್ಧತಿ ಹೊಸದೆನಿಸದು.) ಮಾರಾಟವಾದ ಪ್ರತಿ ಸೆಟ್ಟಿನ ಮೇಲೂ ಗೌರವಧನ ಸಲ್ಲುತ್ತಿತ್ತು. ಜಾಹೀರಾತಿಗೆ ಅವಕಾಶವಿರಲಿಲ್ಲ. ಷೇರುದಾರರ ಲಾಭಾಂಶಕ್ಕೆ ಶೇ 7.5ರ ಮಿತಿಯಿತ್ತು. ಬ್ರಿಟನ್ನಿನಲ್ಲಿ ತಯಾರಾದ, ಕಂಪನಿಯ ಮುದ್ರೆಯುಳ್ಳ ಸೆಟ್ಟುಗಳನ್ನೇ ಬಳಸಬೇಕೆಂಬ ನಿಯಮವಿತ್ತಾದರೂ ಜನ ಮನೆಯಲ್ಲೇ ಸೆಟ್ಟುಗಳನ್ನು ಜೋಡಿಸಿಕೊಂಡು ಅದನ್ನು ನಗೆಪಾಟಲಾಗಿಸಿದರು.

ಈ ಏರ್ಪಾಡಿನ ದೌರ್ಬಲ್ಯವನ್ನು ರೀತ್ ಬೇಗನೆ ಗುರುತಿಸಿದರು. ಲಾಭದ ಆಸೆಗೂ ಮಂತ್ರಿಗಳ ಮರ್ಜಿಗೂ ಸಿಲುಕದ ಸಂಸ್ಥೆಯೇ ಪ್ರಸಾರಕ್ಕೆ ತಕ್ಕುದೆಂದು 1925ರಲ್ಲಿ ನೇಮಕವಾದ ಕ್ರಾಫರ್ಡ್ ಸಮಿತಿಯ ಮುಂದೆ ವಾದಿಸಿದರು. ತನ್ನ ಕಂಪನಿಯನ್ನೇ ಮುಚ್ಚಿರೆಂದು ಅದರ ವ್ಯವಸ್ಥಾಪಕನೇ ಕೇಳುವುದು ವ್ಯಾಪಾರ ಲೋಕದಲ್ಲಿ ಅಪರೂಪ. 1926ರ ಮಾರ್ಚ್‌ನಲ್ಲಿ ಸಮಿತಿ ಸಾರ್ವಜನಿಕ ಸಂಸ್ಥೆಯನ್ನೇ ಶಿಫಾರಸು ಮಾಡಿತು.

ಸನ್ನದು ಕೈಸೇರುವ ಮುನ್ನವೇ ಮೇ ತಿಂಗಳಲ್ಲಿ ಸಾರ್ವತ್ರಿಕ ಮುಷ್ಕರ ಆರಂಭವಾಯಿತು. ಪತ್ರಿಕೆಗಳ ಮುದ್ರಣ ಬಹುಮಟ್ಟಿಗೆ ನಿಂತು, ಸುದ್ದಿಗೆ ಜನ ರೇಡಿಯೊವನ್ನೇ ನೆಚ್ಚಿದರು. ಕಂಪನಿಯನ್ನು ಸರ್ಕಾರ ವಶಪಡಿಸಿಕೊಳ್ಳಬೇಕೆಂದು ಹಣಕಾಸು ಸಚಿವ ವಿನ್‌ಸ್ಟನ್ ಚರ್ಚಿಲ್ ಪಟ್ಟು ಹಿಡಿದರು. ಪ್ರಧಾನಿ ಬಾಲ್ಡ್‌ವಿನ್ ಒಪ್ಪಲಿಲ್ಲ. ರೀತ್ ಸಂಸ್ಥೆಯನ್ನು ಉಳಿಸಿಕೊಂಡರು ನಿಜ. ಆದರೆ ಪ್ರತಿಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರಿಗೆ ಮಾತನಾಡಲು ಅವಕಾಶ ದೊರೆಯಲಿಲ್ಲ. ಸಂಧಾನಕ್ಕೆ ಕರೆ ನೀಡಿದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಮನವಿಯೂ ಕೆಲ ದಿನ ತಡೆಹಿಡಿಯಲ್ಪಟ್ಟಿತು. ಸ್ವಾತಂತ್ರ್ಯದ ಹೆಸರಿನಲ್ಲಿ ತೆತ್ತ ಈ ಬೆಲೆ ಸಣ್ಣದಲ್ಲ.

ಷೇರುದಾರರಿಗೆ ಮುಖಬೆಲೆಯಷ್ಟೇ ಹಣ ಮರಳಿಸಿ ಕಂಪನಿಯನ್ನು ವಿಸರ್ಜಿಸಲಾಯಿತು. 1927ರ ಜನವರಿ 1ರಂದು ರಾಜ ಸನ್ನದಿನ ಮೇರೆಗೆ ನಿಗಮ ಅಸ್ತಿತ್ವಕ್ಕೆ ಬಂದಿತು; ರೀತ್ ಅದರ ಮೊದಲ ಮಹಾನಿರ್ದೇಶಕರಾದರು. 1932ರ ಡಿಸೆಂಬರ್ 19ರಂದು ಡ್ಯಾವೆಂಟ್ರಿಯಿಂದ ಸಾಮ್ರಾಜ್ಯ ಸೇವೆ ಆರಂಭವಾಗಿ ಬಿಬಿಸಿಯ ದನಿ ಕಡಲಾಚೆಗೂ ತಲುಪಿತು. ಸರ್ಕಾರ ಹಣ ಕೊಡದಿದ್ದುದರಿಂದ ಅದರ ಖರ್ಚನ್ನೂ ಬ್ರಿಟನ್ನಿನ ಕೇಳುಗರ ಪರವಾನಗಿ ಶುಲ್ಕದಿಂದಲೇ ಭರಿಸಲಾಯಿತು.

ಭಾರತದಲ್ಲಿ ಖಾಸಗಿ ಪ್ರಸಾರದ ಗತಿ ಬೇರೆಯಾಯಿತು. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1930ರಲ್ಲಿ ದಿವಾಳಿಯಾಗಿ ಸರ್ಕಾರದ ಪಾಲಾಯಿತು. 1935ರಲ್ಲಿ ಪ್ರಸಾರದ ಮುಖ್ಯಸ್ಥರಾಗಿ ದೆಹಲಿಗೆ ಬಂದ ಲಯೊನೆಲ್ ಫೀಲ್ಡೆನ್ ಬಿಬಿಸಿಯಲ್ಲಿ ದುಡಿದವರು. ಅದೇ ವರ್ಷ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ್ದರು.

1938ರಲ್ಲಿ ಬಿಬಿಸಿ ತೊರೆದು ಇಂಪೀರಿಯಲ್ ಏರ್‌ವೇಸ್ ಸೇರಿದ ರೀತ್ ಅವರಿಗೆ ಅಷ್ಟು ದೊಡ್ಡ ಕೆಲಸ ಮತ್ತೆ ಒದಗಲಿಲ್ಲ. ಯುದ್ಧಕಾಲದ ಸಚಿವರಾಗಿದ್ದವರನ್ನು 1942ರಲ್ಲಿ ಚರ್ಚಿಲ್ ಕೈಬಿಟ್ಟರು. ಜಾಹೀರಾತು ಆಧಾರಿತ ಟೆಲಿವಿಷನ್‌ನ್ನು ಲಾರ್ಡ್ಸ್ ಸಭೆಯಲ್ಲಿ ಕಟುವಾಗಿ ವಿರೋಧಿಸಿದರೂ 1955ರಲ್ಲಿ ಐಟಿವಿ ಬಂದೇ ಬಂದಿತು. 1971ರ ಜೂನ್ 16ರಂದು ಎಡಿನ್‌ಬರೋದಲ್ಲಿ ನಿಧನರಾದರು. ನಾಲ್ಕು ವರ್ಷಗಳ ಬಳಿಕ ಪ್ರಕಟವಾದ ದಿನಚರಿ, 1930ರ ದಶಕದಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯ ಬಗೆಗೆ ಅವರಿಗಿದ್ದ ಮೆಚ್ಚುಗೆಯನ್ನೂ ಬಯಲು ಮಾಡಿತು.